ಎಂಟು ತಾಸಿನ ಭಾಷಣ

ಅಂತಾರಾಷ್ಟ್ರೀಯ ಒಪ್ಪಂದಗಳ ಪ್ರಕಾರ ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು ತಾಸು ಎಂದು ಕಾರ್ಮಿಕರಿಗೆ ತಿಳಿಹೇಳುವುದು ನನ್ನ ನೌಕರಿ. ನರಗುಂದದ ಒಂದು ಹತ್ತಿ ಮಿಲ್ಲಿಗೆ ಹೋದರೆ, ಮ್ಯಾನೇಜರು ಗೇಟಿಗೆ ಕೀಲಿ ಹಾಕಿಸಿ, ಪಾಳಿ ಮುಗಿಸಿದ ಹೆಂಗಸರನ್ನೆಲ್ಲ ನನ್ನ ಭಾಷಣಕ್ಕೆಂದು ತಡೆದು ಕೂರಿಸಿದ್ದರು. ಕಾರ್ಖಾನೆಯಲ್ಲಿ ದಿನಕ್ಕೆ ಎಂಟೇ ತಾಸು ಎನ್ನುತ್ತಿದ್ದಂತೆ, ತಲೆತುಂಬ ಹತ್ತಿಯ ಎಳೆ ಅಂಟಿಸಿಕೊಂಡಿದ್ದ ಫಾತಿಮಾಬಿ ಎದ್ದು ನಿಂತರು.

“ನಮ್ಮ ಎಂಟು ತಾಸು ಆಗಲೇ ಮುಗದಾವ್ರಿ ಸಾಹೇಬ್ರ. ನಮ್ಮೂರಿಗಿ ಇನ್ನ ಗೇಟಿನ ಹೊರಗ ನಿಂತಿರೋ ಅದೊಂದ ಬಸ್ ಐತ್ರಿ.”

“ಒಪ್ಪಂದ ತಿಳಕೊಳ್ಳದ ಹ್ಯಾಂಗ ಹೋಗ್ತೀ? ಕುಂದ್ರು!” ಎಂದು ಮ್ಯಾನೇಜರು ಗದರಿದರು.

ನನಗೆ ಮೈಯೆಲ್ಲ ಉರಿಯಿತು. “ಮೊದಲು ಗೇಟ್ ತಗಸ್ರಿ!” ಎಂದು ಕೂಗಿದೆ. ಹೆಂಗಸರು ಬಸ್ಸಿನ ಕಡೆ ಓಡಿದರು.

ವರದಿಯ ಜೊತೆ ನಾನು ಕಳಿಸಿದ ಖಾಲಿ ಕುರ್ಚಿಗಳ ಫೋಟೊ ನೋಡಿ ನನ್ನ ಮೇಲಧಿಕಾರಿ ಕಾರಣ ಕೇಳಿದ್ದಾರೆ. ಒಪ್ಪಂದ ಎಲ್ಲರಿಗೂ ಚೆನ್ನಾಗಿ ತಿಳಿಯಿತು, ಅದಕ್ಕೇ ಎದ್ದು ಹೋದರು ಎಂದು ಬರೆದುಕೊಟ್ಟಿದ್ದೇನೆ.