ನಾಲ್ಕನೆಯ ನಿಂಬೆಹಣ್ಣು

ಪ್ರತಿ ಬೋಲ್ಟ್ ಬಿಗಿದ ಮೇಲೂ ಅದರ ತಲೆಗೆ ಉಗುರಿನಿಂದ ಎರಡು ಸಲ ತಟ್ಟುತ್ತಿದ್ದರು, ಯಲಹಂಕದ ನಮ್ಮ ಬೀದಿಯ ಲೇತ್ ಕೆಲಸದವರು. ಕಲ್ಲುಮಣ್ಣಿನಲ್ಲೂ ಓಡುವ, ಚಕ್ರಕ್ಕೊಂದು ಮೋಟಾರಿದ್ದ ಸ್ಕೇಟ್‌ಬೋರ್ಡನ್ನು ನಾನೂ ಅವರೂ ಸೇರಿ ಕಟ್ಟಿದೆವು. ವೈರಿಂಗ್ ನನ್ನದು. ‘ಮೊದ್ಲು ನಾನ್ ಬೀಳ್ತೀನಿ, ಆಮೇಲೆ ನೀವ್ ಹತ್ತಿ ಮೇಡಂ,’ ಎನ್ನುವುದು ಅವರ ನಿತ್ಯದ ಮಾತು.

ಮೊದಲ ಸವಾರಿಯ ದಿನ ಅವರ ಹೆಂಡತಿ ಬೋರ್ಡಿಗೆ ಪೂಜೆ ಮಾಡಿ, ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟರು. ‘ಈ ವಯಸ್ಸಲ್ಲಿ ಬಿದ್ರೆ ಇದು ಗುಜರಿಗೇ ಕಣ್ರೀ,’ ಎಂದರು ಗಂಡನಿಗೆ.

ಲೇತಿನವರು ಬೋರ್ಡು ಹತ್ತಿ ರಿಮೋಟ್ ಒತ್ತಿದರು. ಮೂರು ಹಣ್ಣು ಅಪ್ಪಚ್ಚಿಯಾದವು. ನಾಲ್ಕನೆಯ ಚಕ್ರ ಹಿಂದಕ್ಕೆ ತಿರುಗಿ, ಬೋರ್ಡು ಗಿರಕಿ ಹೊಡೆದು ಅವರನ್ನು ಕೆಡವಿತು. ಉಳಿದ ಹಣ್ಣನ್ನು ನೋಡಿದ ಕೂಡಲೇ, ಆ ಚಕ್ರದ ವೈರುಗಳನ್ನು ನಾನು ಅದಲುಬದಲಾಗಿ ಜೋಡಿಸಿದ್ದೆನೆಂದು ಅವರಿಗೆ ತಿಳಿಯಿತು. ಹಣ್ಣನ್ನು ಜೇಬಿಗೆ ಹಾಕಿಕೊಂಡರು.

‘ಕಾಲ್ ಜಾರ್ತು ಕಣೇ,’ ಎಂದರು ಹೆಂಡತಿಗೆ.

‘ಹಾಗಾದ್ರೆ ನಾಳೆನೇ ಗುಜರಿಗೆ,’ ಎಂದರು ಆಕೆ.

ಮರುದಿನ ಬೆಳಿಗ್ಗೆ, ಗುಜರಿಯವನು ಬರುವ ಮೊದಲೇ ನಾನು ಅವರ ಮನೆಗೆ ಹೋಗಿ, ತಪ್ಪಿದ್ದು ಅವರ ಕಾಲಲ್ಲ, ನನ್ನ ವೈರಿಂಗ್ ಎಂದು ಆಕೆಗೆ ಹೇಳಿದೆ.