ಐದನೇ ಮಹಡಿಯಿಂದ ಕಂಡದ್ದು

ನನ್ನ ದಿನಚರಿಗೆ ಒಂದು ಪದ್ಧತಿ ಇದೆ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅನಿಸಿದ್ದು. ದೆಹಲಿಗೆ ಎಂ.ಎ. ಓದಲು ಬಂದಾಗ ಬರವಣಿಗೆ ಕಲಿಸಿದ ಮೇಷ್ಟ್ರೊಬ್ಬರು ಹಚ್ಚಿದ ಅಭ್ಯಾಸ ಅದು. ‘ತುಂಬಾ ಚಳಿ ಇತ್ತು’ ಎಂದು ಎಡಪುಟದಲ್ಲಿ ಬರೆದರೆ ಹೊಡೆದು ಹಾಕುತ್ತಿದ್ದರು. ಚಹಾದವನು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಎಂದು ಬರೆ, ಚಳಿ ನಿನ್ನದು, ಅದನ್ನು ಬಲಕ್ಕೆ ಹಾಕು, ಎನ್ನುತ್ತಿದ್ದರು. ಅಥವಾ ಹಾಗೆ ಎನ್ನುತ್ತಿದ್ದರೆಂದು ನನಗೆ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ನಂಬಿದ್ದು ಎಡಪುಟಗಳನ್ನು. ಕಳೆದ ನವೆಂಬರಿನ ಒಂದು ಎಡಪುಟದಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು.

ನೋಯ್ಡಾದಲ್ಲಿ ನಾವಿರುವ ಟವರಿನ ಎರಡನೇ ಮಹಡಿಯಲ್ಲಿ ಇನ್ನೊಂದು ಕನ್ನಡದ ಮನೆ ಇದೆ. ಗಂಡ ಕೇಂದ್ರ ಸರ್ಕಾರದ ಅಧಿಕಾರಿ. ಹೆಂಡತಿ ನನಗಿಂತ ಚಿಕ್ಕವಳು, ನನ್ನನ್ನು ‘ಅಕ್ಕಾ’ ಎನ್ನುತ್ತಾಳೆ, ಊರಿಗೆ ಹೋದಾಗಲೆಲ್ಲ ನನಗೊಂದು ಡಬ್ಬಿ ಹುಳಿಪುಡಿ ತರುತ್ತಾಳೆ. ಅವಳ ಅತ್ತೆಗೆ ಮರೆವಿನ ಕಾಯಿಲೆ. ಅವರನ್ನು ನೋಡಿಕೊಳ್ಳಲು ಫರೀದಾಬಾದಿನ ಕಡೆಯ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬರುತ್ತಿದ್ದಳು. ಸಂಜೆ ಅಜ್ಜಿಯನ್ನು ಪಾರ್ಕಿಗೆ ಕರೆದೊಯ್ಯುವುದು ಆಕೆಯ ಕೆಲಸ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು, ಆಕೆಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡಿಕೊಂಡು ಸುತ್ತು ಹಾಕುತ್ತಿದ್ದರು.

ಒಂದು ಸಂಜೆ ಅಜ್ಜಿಯ ತೋಳು ನೀಲಿಗಟ್ಟಿತ್ತು. ಸೊಸೆ ನನಗೆ ಫೋನ್ ಮಾಡಿದಳು. ಅಂದಿನ ನನ್ನ ಎಡಪುಟದಲ್ಲಿ ಹೀಗಿದೆ: ‘ನಾಲ್ಕೂವರೆ. ಬಾಲ್ಕನಿ. ಪಾರ್ಕಿನ ಮೆಟ್ಟಿಲ ಬಳಿ ಅಜ್ಜಿ, ಕಂದು ಸ್ವೆಟರ್. ನೋಡಿಕೊಳ್ಳುವವಳು ತೋಳು ಹಿಡಿದು ಒರಟಾಗಿ ಎಳೆದಳು. ಅಜ್ಜಿ ಹೆದರಿದ್ದರು.’

ಸೊಸೆಯ ದೂರಿನ ಮೇಲೆ ಅಪಾರ್ಟ್‌ಮೆಂಟ್ ಸೊಸೈಟಿಯ ಕಚೇರಿಯಲ್ಲಿ ಕಮಿಟಿಯವರು ಸೇರಿದಾಗ ಇದನ್ನೇ ಹಿಂದಿಯಲ್ಲಿ ಓದಿ ಹೇಳಿದೆ. ‘ನೆನಪಿನಿಂದ ಹೇಳುತ್ತಿಲ್ಲ, ಅಂದೇ ಬರೆದಿಟ್ಟದ್ದು’ ಎಂದೂ ಸೇರಿಸಿದೆ. ಅದನ್ನು ಹೇಳುವಾಗ ನನಗೆ ಹೆಮ್ಮೆ ಇತ್ತು. ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು, ‘ಸುನಿಯೇ ತೋ, ಸಾಹಬ್’ ಎಂದು ತನ್ನ ಮಾತನ್ನೂ ಕೇಳುವಂತೆ ಬೇಡಿದಳು. ಕಾರ್ಯದರ್ಶಿ ಕೈಯೆತ್ತಿ ಸುಮ್ಮನಾಗಿಸಿದರು. ಮರುದಿನದಿಂದ ಗೇಟಿನ ಆ್ಯಪಿನಲ್ಲಿ ಆಕೆಯ ಹೆಸರು ತಡೆಪಟ್ಟಿಗೆ ಸೇರಿತು. ಎಂದರೆ ಆ ಒಂದು ಮನೆಯಲ್ಲ, ಎಂಟು ಟವರುಗಳ ಯಾವ ಮನೆಗೂ ಆಕೆ ಕೆಲಸಕ್ಕೆ ಬರುವಂತಿಲ್ಲ.

ಎರಡು ವಾರದ ನಂತರ ಬೇರೆ ಏನನ್ನೋ ಹುಡುಕುತ್ತಾ ಆ ಪುಟ ತೆರೆದೆ. ಅದೇ ಎಡಪುಟದ ಮೇಲ್ತುದಿಯಲ್ಲಿ, ಪಾರ್ಕಿನ ಸಂಗತಿಗಿಂತ ಮೊದಲು, ಇನ್ನೊಂದು ಸಾಲು ಇತ್ತು: ‘ಹುಳಿಪುಡಿ ಮುಗಿದಿದೆ. ನಾಳೆ ಕೊಡುತ್ತಾಳಂತೆ.’ ಕೊಡುತ್ತೇನೆಂದು ಅವಳು ಹೇಳಿದ್ದು ಅದೇ ಫೋನಿನಲ್ಲಿ. ಅಂದರೆ ನಾನು ಬರೆದದ್ದು ಫೋನ್ ಬಂದ ಮೇಲೆ. ಫೋನಿನಲ್ಲಿ ಅವಳು ಹೇಳಿದ್ದು ಈಗ ಒಂದೊಂದೇ ನೆನಪಾಯಿತು. ‘ತೋಳೆಲ್ಲ ನೀಲಿ ಆಗಿದೆ ಅಕ್ಕಾ. ಅವಳು ಒರಟು, ನಂಗೆ ಮೊದಲಿಂದ್ಲೂ ಡೌಟಿತ್ತು. ಅತ್ತೆ ಹೆದರಿಬಿಟ್ಟಿದಾರೆ. ನೀವು ಬಾಲ್ಕನೀಲಿ ಇದ್ರಲ್ವಾ, ನೋಡಿದ್ರಾ?’

‘ಎಳೀತಾ ಇದ್ದ ಹಾಗೆ ಅನಿಸ್ತು ಕಣೆ’ ಎಂದಿದ್ದೆ ನಾನು. ಅನಿಸಿದ್ದು. ರಾತ್ರಿಯೊಳಗೆ ಅದು ಎಡಕ್ಕೆ ಹೋಗಿತ್ತು, ಅವಳ ‘ಒರಟು’, ಅವಳ ‘ಹೆದರಿದಾರೆ’ ಎರಡನ್ನೂ ಕಟ್ಟಿಕೊಂಡು.

ಮರುದಿನ ನಾಲ್ಕೂವರೆಗೆ ಬಾಲ್ಕನಿಯಲ್ಲಿ ನಿಂತೆ. ಅಂದಿನ ಹಾಗೆಯೇ ಹೊಗೆಮಂಜು, ಗಂಟಲಲ್ಲಿ ಕೆರೆತ. ಮೆಟ್ಟಿಲ ಬಳಿ ಯಾರೋ ಇಬ್ಬರು ನಿಂತಿದ್ದರು. ಬಟ್ಟೆಯ ಬಣ್ಣ ತಿಳಿಯುತ್ತಿತ್ತು, ಒಂದು ತೋಳು ಎದ್ದದ್ದೂ ತಿಳಿಯಿತು. ಮುಖ ಎಲ್ಲಿಯದು? ಆ ದೂರದಿಂದ ಹೆದರಿಕೆ ಕಾಣುವುದೇ ಇಲ್ಲ.

ಎರಡನೇ ಮಹಡಿಗೆ ಇಳಿದು ಹೋಗಿ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು.

‘ಈಗ ಹೇಳ್ತಿದೀರಾ? ಅತ್ತೆ ತೋಳು ನಾನು ನೋಡಿಲ್ವಾ?’

‘ತೋಳು ನೀನು ನೋಡಿದ್ದು ನಿಜ. ಅದು ಹೇಗಾಯ್ತು ಅಂತ ನಾನು ನೋಡಿಲ್ಲ.’

‘ಅಂದ್ರೆ ನಾನು ಹೇಳಿಕೊಟ್ಟೆ ಅಂತಾಯ್ತು! ನಮ್ಮವರು ಅಂತ ನಿಮ್ಮನ್ನ ಕೇಳಿದೆ ನೋಡಿ, ನನಗೆ ಬುದ್ಧಿ ಇಲ್ಲ.’

ಒಳಗಿನಿಂದ ಅವಳ ಮಗಳು, ‘ಮಮ್ಮಾ, ಆಂಟಿ ಕೋ ಡಾಂಟ್ ರಹೀ ಹೋ ಕ್ಯಾ?’ ಎಂದಳು, ಆಂಟಿಯನ್ನು ಬೈಯುತ್ತಿದ್ದೀಯಾ ಎಂದು. ಯಾರೂ ನಗಲಿಲ್ಲ. ನಮ್ಮವರು ಎಂಬ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಅದು ಸುಳ್ಳಲ್ಲ. ಬೇರೆ ಮನೆಯವರು ಕೇಳಿದ್ದರೆ ‘ಸರಿಯಾಗಿ ಕಾಣಲಿಲ್ಲ’ ಎನ್ನುತ್ತಿದ್ದೆನೇನೋ.

ಕಚೇರಿಗೆ ಹೋಗಿ ಕಾರ್ಯದರ್ಶಿಗೂ ಇದನ್ನೇ ಹೇಳಿದೆ. ಅವರು ನಿವೃತ್ತರು, ಮರ್ಯಾದಸ್ಥರು. ‘ಮ್ಯಾಡಮ್‌ಜೀ, ನೀವು ಬಹಳ ಓದಿದವರು’ ಎಂದರು. ‘ನಮ್ಮಂಥವರಿಗೆ ಒಂದು ಸಂಗತಿ ಒಂದೇ ಸಲ, ಒಂದೇ ಥರ ನಡೆಯುತ್ತದೆ. ಅಚ್ಛಾ, ಬರೆದು ಕೊಡಿ. ಭಾನುವಾರ ನೋಡೋಣ.’ ಮೂರನೇ ಟವರಿನ ಒಂದು ಮನೆಯವರು ಆಕೆಯನ್ನು ಇಟ್ಟುಕೊಳ್ಳಲು ತಯಾರಿದ್ದಾರೆ, ಗೇಟಿನಲ್ಲಿ ಬಿಡುತ್ತಿಲ್ಲ ಎಂಬುದೂ ಅವರಿಂದಲೇ ತಿಳಿಯಿತು.

ಪತ್ರ ಬರೆದೆ, ನಾಲ್ಕೇ ಸಾಲು. ಎಳೆದದ್ದನ್ನು ನಾನು ಖಚಿತವಾಗಿ ನೋಡಿಲ್ಲ ಎಂದು. ಕೊಡುವ ಮೊದಲು ಗೇಟಿನ ಕಾವಲುಗಾರನಿಂದ ನಂಬರು ಪಡೆದು ಆಕೆಗೆ ಫೋನ್ ಮಾಡಿ ಓದಿದೆ. ಆಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

‘ಎಳೆದೆನಲ್ಲ ದೀದಿ’ ಎಂದಳು.

‘ಏನು?’

‘ಜೋರಾಗಿಯೇ ಎಳೆದೆ. ಮೆಟ್ಟಿಲ ಮೇಲೆ ಮಾತಾಜಿಯ ಕಾಲು ಜಾರಿತು. ಮೆತ್ತಗೆ ಎಳೆದಿದ್ದರೆ ತಲೆ ಒಡೆಯುತ್ತಿತ್ತು. ಮನೆಯ ಭಾಭೀಜಿಗೆ ಅವತ್ತೇ ಹೇಳಿದೆ, ಆಫೀಸಿನಲ್ಲೂ ಹೇಳಹೋದೆ. ಈಗ ನೀವು ನೋಡೇ ಇಲ್ಲ ಅಂತ ಬರೆದರೆ ನಾನು ಎಳೆದೇ ಇಲ್ಲ ಅಂತಾಗುತ್ತದೆ. ನಾನು ಯಾಕೆ ಸುಳ್ಳಿಯಾಗಲಿ?’

ಆಕೆಯೇ ಮುಂದುವರಿಸಿದಳು, ಸ್ವಲ್ಪ ತಗ್ಗಿದ ದನಿಯಲ್ಲಿ: ‘ಕಾಲು ಜಾರಿದ್ದು ನೀವೂ ನೋಡಿದಿರಿ ಅಂತ ಬರೆದುಬಿಡಿ. ನಿಮ್ಮ ಮಾತಾದರೆ ಒಪ್ಪುತ್ತಾರೆ.’

ಆಕೆ ಹಾಗೆನ್ನುತ್ತಿದ್ದಂತೆ ನನಗೆ ಕಾಲು ಜಾರಿದ್ದು ಕಂಡಿತು. ಕಂದು ಸ್ವೆಟರಿನ ಕೆಳಗೆ ಹವಾಯಿ ಚಪ್ಪಲಿ, ಹಿಮ್ಮಡಿ ಅಂಚಿನಿಂದ ಆಚೆ ಹೋದದ್ದು, ಎಲ್ಲ. ಅಜ್ಜಿ ಅಂದು ಚಪ್ಪಲಿ ಹಾಕಿದ್ದರೋ ಬೂಟು ಹಾಕಿದ್ದರೋ ನನಗೆ ಗೊತ್ತಿಲ್ಲ. ಆದರೂ ಕಂಡಿತು, ಮೊದಲು ‘ಒರಟಾಗಿ’ ಎಂಬುದು ಕಂಡಷ್ಟೇ ಸ್ಪಷ್ಟವಾಗಿ. ಬರೆದುಬಿಡಬಹುದಿತ್ತು. ಆಕೆ ಹೇಳುತ್ತಿದ್ದುದು ನಿಜವೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ.

‘ಕಾಲು ನನಗೆ ಕಂಡಿಲ್ಲ’ ಎಂದೆ.

‘ಎಳೆದದ್ದು ಮಾತ್ರ ಕಂಡಿತ್ತು’ ಎಂದು ಫೋನ್ ಇಟ್ಟಳು.

ಹೊಸ ಪತ್ರದಲ್ಲಿ ಬರೆದೆ: ತೋಳು ಹಿಡಿದದ್ದು ಕಂಡಿದೆ, ಯಾಕೆಂದು ಕಂಡಿಲ್ಲ, ‘ಒರಟು’ ಎಂಬುದನ್ನೂ ‘ಹೆದರಿದ್ದರು’ ಎಂಬುದನ್ನೂ ನಾನು ಕೇಳಿ ಸೇರಿಸಿದ್ದು, ಆಕೆಯ ಮಾತನ್ನು ಆಕೆಯಿಂದಲೇ ಕೇಳಬೇಕು. ಭಾನುವಾರ ಕಮಿಟಿಯವರು ಕೇಳಿದರು. ಮೆಟ್ಟಿಲ ಮೇಲೆ ಹೇಗೆ ಹಿಡಿದೆನೆಂದು ಆಕೆ ತನ್ನದೇ ತೋಳು ಹಿಡಿದು ತೋರಿಸಿದಳು. ಎರಡನೇ ಮಹಡಿಯವಳು ಮೊಬೈಲು ನೋಡುತ್ತಾ ಕುಳಿತಿದ್ದಳು. ಒಬ್ಬರು ನನ್ನ ಕಡೆ ತಿರುಗಿ, ‘ಮ್ಯಾಡಮ್, ಇದು ನಿಜವೇ?’ ಎಂದರು. ನಾನು ನೋಡಿಲ್ಲ ಎಂದೆ. ಆಕೆ ನೆಲ ನೋಡಿದಳು.

ತಡೆ ತೆಗೆದಿದ್ದಾರೆ. ಆಕೆ ಈಗ ಮೂರನೇ ಟವರಿಗೆ ಬರುತ್ತಾಳೆ. ಆದರೆ ನೋಟೀಸು ಬೋರ್ಡಿನಲ್ಲಿ ಆಕೆಯ ಹೆಸರಿನ ಮುಂದೆ ‘ಎಚ್ಚರಿಕೆ ಕೊಟ್ಟು ಅನುಮತಿಸಲಾಗಿದೆ’ ಎಂದು ಹಾಕಿದ್ದಾರೆ. ಯಾವ ತಪ್ಪಿಗೆ ಎಚ್ಚರಿಕೆ ಎಂದು ಬರೆದಿಲ್ಲ. ಆ ಮಾತನ್ನು ತೆಗೆಸಲು ಎರಡು ಸಲ ಕಚೇರಿಗೆ ಹೋದೆ. ಕಮಿಟಿ ಮೀಟಿಂಗು ಮುಗಿಯಿತಲ್ಲ ಮ್ಯಾಡಮ್‌ಜೀ, ಎನ್ನುತ್ತಾರೆ.