ಬಿಚ್ಚಲಾಗದ ಪಂಪು

ನಮ್ಮ ಶಾಲೆಯ ಬಾವಿಯ ಪಂಪು ನೀರೆತ್ತದೆ ಹೋದ ದಿನ ಪಂಪು ರಿಪೇರಿಯವನು ಮೊದಲ ಸಲ ಬಂದ. ಬಂದವನೇ ಕೊಳವೆಯ ಬಾಯಿಗೆ ಒಂದು ಬಿಂದಿಗೆ ನೀರು ಸುರಿದು, "ಪಾಪ, ಒಣಗಿದೆ ಅಷ್ಟೇ. ಮೊದಲು ಇದಕ್ಕೆ ಕುಡಿಸ್ಬೇಕು, ಆಮೇಲೆ ಇದು ನಮಗೆ ಕೊಡತ್ತೆ" ಎಂದ. ಪಂಪು ಗುಡುಗುಡು ಸದ್ದು ಮಾಡಿ ನೀರು ಉಗುಳಿತು.

ವರ್ಷಗಳ ನಂತರ ಆ ಮಾತೇ ಅವನಿಗೆ ಮುಳುವಾಯಿತು. ಎದೆನೋವೆಂದು ಆಸ್ಪತ್ರೆ ಸೇರಿದ್ದಾಗ ಡಾಕ್ಟರು, "ಹೃದಯ ಸರಿಯಾಗಿ ಪಂಪು ಮಾಡ್ತಿಲ್ಲ, ನೀರು ಕಡಿಮೆ ಕುಡೀರಿ" ಎಂದಿದ್ದರು. ಅವನ ಕಿವಿಗೆ 'ಪಂಪು' ಎಂಬ ಮಾತು ಮಾತ್ರ ಬಿತ್ತು. ಮನೆಗೆ ಬಂದು ಚೊಂಬುಗಟ್ಟಲೆ ನೀರು ಕುಡಿದ. ವಾರದೊಳಗೆ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ, ಮತ್ತೆ ಆಸ್ಪತ್ರೆಗೇ ಹೋಗಬೇಕಾಯಿತು.

ಡಾಕ್ಟರು ಮುಷ್ಟಿ ಬಿಗಿದು ತೋರಿಸಿದರು. "ಇದು ಕಬ್ಬಿಣದ ಚಕ್ರ ಅಲ್ಲ ಯಜಮಾನ್ರೇ, ಮಾಂಸಖಂಡ. ಹೀಗೆ ಹಿಂಡಿದ್ರೆ ರಕ್ತ ಹೊರಗೆ, ಸಡಿಲ ಬಿಟ್ರೆ ಒಳಗೆ. ನಿಮ್ಮದಕ್ಕೆ ಹಿಂಡೋ ಶಕ್ತಿ ಕಡಿಮೆಯಾಗಿದೆ. ಬಂದದ್ದನ್ನೇ ತಳ್ಳೋಕಾಗ್ದೆ ನೀರು ಕಾಲಲ್ಲಿ ನಿಲ್ತಿದೆ, ನೀವು ಮೇಲಿಂದ ಇನ್ನೂ ಸುರೀತೀರಿ! ಇನ್ನೊಂದ್ಸಲ ಹೀಗಾದ್ರೆ ಉಳಿಸೋದು ಕಷ್ಟ."

"ಹಾಗಾದ್ರೆ ಸ್ವಲ್ಪ ಹೊತ್ತು ನಿಲ್ಲಿಸಿ, ಬಿಚ್ಚಿ, ವಾಷರ್ ಬದಲಾಯಿಸಿ!" ಎಂದು ಅವನು ರೇಗಿದ.

"ಅದು ನಿಂತ್ರೆ ನೀವೆಲ್ಲಿರ್ತೀರಿ?" ಎಂದು ಪಕ್ಕದಲ್ಲಿದ್ದ ಹೆಂಡತಿ ಸಿಡುಕಿದಳು.

ಈಗ ಅವನು ತನ್ನ ರಿಪೇರಿ ಅಂಗಡಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತು, ಸ್ಪ್ಯಾನರ್ ಹಿಡಿದ ಹೆಂಡತಿಗೆ ಕೆಲಸ ಹೇಳಿಕೊಡುತ್ತಾನೆ. ಅವಳು ಪಂಪಿಗೆ ನೀರು ಸುರಿಯುವಾಗಲೆಲ್ಲ ಅವನ ಹೊಟ್ಟೆ ಉರಿಯುತ್ತದೆ. "ಅದಕ್ಕೆ ಬಿಂದಿಗೆ, ನನಗೆ ಅರ್ಧ ಲೋಟ!" ಎಂದು ಗೊಣಗುತ್ತಾನೆ. ಗೊಣಗುತ್ತಲೇ ಆ ಅರ್ಧ ಲೋಟವನ್ನು ಗುಟುಕು ಗುಟುಕಾಗಿ ಬಹಳ ಹೊತ್ತು ಕುಡಿಯುತ್ತಾನೆ.